ಹಂಪಿಯ ಕಾಗದದ ನೆಗೆಟಿವ್‌ಗಳೂ ನಮ್ಮೂರ ಸ್ಟುಡಿಯೋ ಡಬ್ಬಗಳೂ

50 ರೂಪಾಯಿ ನೋಟಿನ ಹಿಂಬದಿಯಲ್ಲಿರುವ ಹಂಪಿಯ ಕಲ್ಲಿನ ರಥವನ್ನು ನಾವೆಲ್ಲ ನೋಡಿದ್ದೇವೆ. ರಥದ ತಲೆ ಮಟ್ಟಸವಾಗಿದೆ, ಮೇಲೇನೂ ಇಲ್ಲ. 1856ರಲ್ಲಿ ತೆಗೆದ ಫೋಟೋದಲ್ಲಿ ಮಾತ್ರ ಅದೇ ರಥದ ಮೇಲೆ ಇಟ್ಟಿಗೆ ಗಾರೆಯ ಶಿಖರ ನಿಂತಿದೆ. ಶಿಥಿಲವಾಗಿದ್ದ ಅದನ್ನು ಬ್ರಿಟಿಷರ ಕಾಲದಲ್ಲೇ ತೆಗೆದುಹಾಕಲಾಯಿತು. ಇವತ್ತು ರಥದ ಮುಂದೆ ಸೆಲ್ಫಿ ತೆಗೆದುಕೊಳ್ಳುವ ಹೆಚ್ಚಿನವರಿಗೆ ಹೀಗೊಂದು ಶಿಖರ ಇತ್ತೆಂಬ ಸುಳಿವೂ ಇಲ್ಲ.

ಆ ಫೋಟೋ ತೆಗೆದವನು ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಫೋಟೋಗ್ರಫಿ ಎಂಬ ವಿದ್ಯೆ ಜಗತ್ತಿಗೆ ಗೊತ್ತಾಗಿದ್ದೇ 1839ರಲ್ಲಿ. 17 ವರ್ಷ ಕಳೆಯುವುದರೊಳಗೆ ಈತ ದೊಡ್ಡ ಕ್ಯಾಮೆರಾ ಹೊತ್ತು ಹಂಪಿಯ ಬಂಡೆಗಳ ನಡುವೆ ಓಡಾಡಿದ್ದ. ಅದಕ್ಕೂ ಮುಂಚೆ, 1854ರ ಕೊನೆಯಲ್ಲಿ ಲಿನ್ನೆಯಸ್ ಟ್ರೈಪ್ ಎಂಬ ಇನ್ನೊಬ್ಬ ಸೈನ್ಯಾಧಿಕಾರಿ ಬೇಲೂರು, ಹಳೇಬೀಡುಗಳ ಫೋಟೋ ತೆಗೆದಿದ್ದ. ನಮ್ಮ ನಾಡಿನ ಕಲ್ಲಿನ ಕೆಲಸ ಫೋಟೋಗಳಲ್ಲಿ ಸೇರಿದ್ದು ಹೀಗೆ.

ಗ್ರೀನ್‌ಲಾ ಬಳಸಿದ್ದು ಗಾಜನ್ನಲ್ಲ, ಫಿಲ್ಮನ್ನಂತೂ ಅಲ್ಲ. ಮೇಣ ಹಿಡಿಸಿದ ಕಾಗದವನ್ನು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಪ್ರಕಟಿಸಿದ ವಿಧಾನ ಅದು. ಮೊದಲು ಕಾಗದಕ್ಕೆ ಮೇಣ ಕುಡಿಸಬೇಕು, ಆಗ ನಾರಿನ ಸಂದು ತುಂಬಿ ಬೆಳಕು ಸಲೀಸಾಗಿ ಹಾಯುತ್ತದೆ. ಬಳಿಕ ಅಯೋಡೈಡ್ ದ್ರಾವಣದಲ್ಲಿ ಅದ್ದಿ, ಕತ್ತಲಲ್ಲಿ ಬೆಳ್ಳಿಯ ನೈಟ್ರೇಟ್ ಹಿಡಿಸಿ ಒಣಗಿಸಬೇಕು. ಕ್ಯಾಮೆರಾದಲ್ಲಿಟ್ಟು ನಿಮಿಷಗಟ್ಟಲೆ ಬೆಳಕು ತೋರಿಸಬೇಕು. ಆಮೇಲೆ ಗ್ಯಾಲಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಇಟ್ಟರೆ ಚಿತ್ರ ಮೆಲ್ಲಗೆ ಮೂಡುತ್ತದೆ. ಕೊನೆಗೆ ಹೈಪೋದಲ್ಲಿ ತೊಳೆದರೆ ಉಳಿದ ಬೆಳ್ಳಿಯ ಲವಣ ಕರಗಿಹೋಗಿ ಚಿತ್ರ ನಿಲ್ಲುತ್ತದೆ.

ಆಗ ಗಾಜಿನ ಪ್ಲೇಟಿನ ವಿಧಾನವೂ ಬಂದಿತ್ತು. ಆದರೆ ಆ ಗಾಜಿಗೆ ರಸಾಯನ ಬಳಿದು, ಹಸಿ ಆರುವ ಮೊದಲೇ ಫೋಟೋ ತೆಗೆದು, ಅಲ್ಲೇ ತೊಳೆಯಬೇಕಿತ್ತು. ಹೋದಲ್ಲೆಲ್ಲ ಕತ್ತಲೆ ಗುಡಾರ ಬೇಕು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಅದು ಸುಲಭದ ಮಾತಲ್ಲ. ಮೇಣದ ಕಾಗದವನ್ನಾದರೆ ಮೊದಲೇ ಸಿದ್ಧಮಾಡಿಟ್ಟುಕೊಂಡು, ಫೋಟೋ ತೆಗೆದ ಮೇಲೆ ಬಿಡುವಾದಾಗ ತೊಳೆಯಬಹುದಿತ್ತು.

ಈ ನೆಗೆಟಿವ್‌ಗಳು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಸುಮಾರು 60 ಹಾಳೆಗಳು 1980ರಲ್ಲಿ ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಲ್ಲಿ ಪತ್ತೆಯಾದವು. ಜಾರ್ಜ್ ಮಿಶೆಲ್, ಜಾನ್ ಫ್ರಿಟ್ಜ್ ಮುಂತಾದವರು ಹಂಪಿಯ ಅಧ್ಯಯನ ಶುರುಮಾಡಿದ್ದೂ ಅದೇ ಹೊತ್ತಿನಲ್ಲಿ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡುವಿನ ಕಾಲದಲ್ಲಿ ಏನು ಬಿತ್ತು, ಏನನ್ನು ತೆಗೆದರು, ಏನನ್ನು ದುರಸ್ತಿ ಮಾಡಿದರು ಎಂಬುದು ಕಣ್ಣಿಗೇ ಕಾಣುತ್ತದೆ.

ಫಿಲ್ಮ್ ಫೋಟೋಗ್ರಫಿಗೆ ಮತ್ತೆ ಜನ ಬರುತ್ತಿದ್ದಾರೆ. 2012ರಲ್ಲಿ ದಿವಾಳಿ ಅರ್ಜಿ ಹಾಕಿದ ಕೊಡಾಕ್, ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲ್ಮನ್ನು 2018ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಒಂದು ರೀಲಿಗೆ 36 ಫೋಟೋ ಎಂಬ ಮಿತಿ, ತೊಳೆಯುವ ತನಕ ಕಾಯುವುದು, ಕೆಂಪು ದೀಪದ ಕೆಳಗೆ ಖಾಲಿ ಹಾಳೆಯ ಮೇಲೆ ಮುಖ ಮೂಡುವುದು, ಇವೇ ಆಕರ್ಷಣೆ ಎನ್ನುತ್ತಾರೆ. ಇರಬಹುದು. ವರದಿಗಾರನಾಗಿ ನನಗೆ ಕಾಣುವ ಕಾರಣ ಬೇರೆ. ನೆಗೆಟಿವ್ ಎಂಬುದು ಘಟನೆಯ ಜಾಗದಲ್ಲೇ ಇದ್ದ ವಸ್ತು. ಆ ದಿನದ ಬೆಳಕು ತಾಗಿದ್ದು ಅದೇ ಹಾಳೆಗೆ. ಅದನ್ನು ನೋಡಲು ಪಾಸ್‌ವರ್ಡ್ ಬೇಡ, ಚಾರ್ಜರ್ ಬೇಡ. ಬೆಳಕಿಗೆ ಹಿಡಿದರೆ ಸಾಕು.

ಹಾಗೆಂದು ಫಿಲ್ಮ್ ಚಿರಂಜೀವಿಯೇನಲ್ಲ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಅಸಿಟೇಟ್ ಫಿಲ್ಮ್ ಕೆಟ್ಟರೆ ವಿನೆಗರ್ ವಾಸನೆ ಬಂದು ಸುರುಟಿಕೊಳ್ಳುತ್ತದೆ. ಸಂಜೆಯೊಳಗೆ ಫೋಟೋ ಕಳಿಸಬೇಕಾದ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಮೊಬೈಲೇ ಗತಿ, ಅದರಲ್ಲಿ ತಪ್ಪಿಲ್ಲ. ಆದರೆ ಫೋನ್ ಬದಲಾದಾಗಲೆಲ್ಲ ಒಂದೆರಡು ವರ್ಷದ ನೆರೆ, ಬರ, ಜಾತ್ರೆ, ಧರಣಿಗಳ ಫೋಟೋ ಮಾಯವಾಗುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ವಾಟ್ಸ್ಆ್ಯಪ್‌ನಲ್ಲಿ ಉಳಿದಿದ್ದೂ ಕುಗ್ಗಿದ ಪ್ರತಿ.

ಹೆಚ್ಚು ಚಿಂತೆಯ ವಿಷಯ ತಾಲ್ಲೂಕು ಕೇಂದ್ರಗಳ ಹಳೇ ಸ್ಟುಡಿಯೋಗಳದ್ದು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಫಿಲ್ಮ್ ತಯಾರಿಸುತ್ತಿದ್ದ ಕಾಲದಿಂದ ಡಿಜಿಟಲ್ ಬರುವ ತನಕ ಮದುವೆ, ಶಾಲೆಯ ಗ್ರೂಪ್ ಫೋಟೋ, ಕೆರೆ ಕೋಡಿ ಬಿದ್ದದ್ದು, ಮಂತ್ರಿ ಬಂದದ್ದು, ಎಲ್ಲವೂ ಅಲ್ಲಿನ ಡಬ್ಬಗಳಲ್ಲಿವೆ. ಕಪ್ಪು ಬಿಳುಪು ನೆಗೆಟಿವ್‌ನಲ್ಲಿ ಕಪ್ಪಾಗಿ ಕಾಣುವುದು ಅಪ್ಪಟ ಬೆಳ್ಳಿ. ಹಾಗಾಗಿಯೇ ಹಳೇ ನೆಗೆಟಿವ್‌ಗಳನ್ನು ತೂಕಕ್ಕೆ ಕೊಂಡು ಬೆಳ್ಳಿ ತೆಗೆಯುವವರಿದ್ದಾರೆ. ಚಿತ್ರವನ್ನು ಹಿಡಿದಿಟ್ಟ ಬೆಳ್ಳಿಯೇ ಅದಕ್ಕೆ ಮೃತ್ಯುವೂ ಆಗುತ್ತದೆ.

ನಮ್ಮ ಕೈಲಾಗುವ ಕೆಲಸ ದೊಡ್ಡದೇನಲ್ಲ. ನಿಮ್ಮೂರಿನ ಹಳೇ ಸ್ಟುಡಿಯೋದವರನ್ನು ಮಾತಾಡಿಸಿ. ಡಬ್ಬಗಳಿದ್ದರೆ ಮಾರುವ ಮುನ್ನ ಒಂದು ಮಾತು ತಿಳಿಸಲು ಹೇಳಿ. ನೆಗೆಟಿವ್‌ಗಳನ್ನು ಪ್ಲಾಸ್ಟಿಕ್‌ನಿಂದ ತೆಗೆದು ಕಾಗದದ ಕವರಿಗೆ ಹಾಕಿ, ಒಣ ಜಾಗದಲ್ಲಿಡಿ. ವಿನೆಗರ್ ವಾಸನೆ ಬರುವುದನ್ನು ಬೇರೆ ಮಾಡಿ. ಕವರಿನ ಮೇಲೆ ಊರು, ವರ್ಷ, ಚಿತ್ರದಲ್ಲಿರುವವರ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ. ಸ್ಕ್ಯಾನ್ ಮಾಡಿದ ಮೇಲೂ ಮೂಲವನ್ನು ಎಸೆಯಬೇಡಿ. ಎಲ್ಲಕ್ಕಿಂತ ಮೊದಲು, ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಹೋಗಿ ಕೇಳಿ.

ಹಂಪಿಯ ಹಳೇ ಚಿತ್ರ ನಮಗೆ ಸಿಕ್ಕಿದ್ದು ಇಂಗ್ಲೆಂಡಿನ ಒಂದು ಮನೆಯವರು ಆ ಹಾಳೆಗಳನ್ನು ಎಸೆಯದೆ ಇದ್ದುದರಿಂದ. ನಮ್ಮ ತಾಲ್ಲೂಕಿನ ನೆಗೆಟಿವ್‌ಗಳು ಇಂಗ್ಲೆಂಡಿಗೆ ಹೋಗಿಲ್ಲ, ಬಸ್ ಸ್ಟ್ಯಾಂಡ್ ಪಕ್ಕದ ಅಟ್ಟದ ಮೇಲಿವೆ.