ಮಣೆಯ ಮೇಲೆ ಹುಲಿ, ಶಾಲೆಯಲ್ಲಿ ಮೇಷ್ಟ್ರು

1959ರಲ್ಲಿ ಯುಗೊಸ್ಲಾವಿಯದಲ್ಲಿ ಒಂದು ಟೂರ್ನಿ ನಡೆಯಿತು. ಚೆಸ್‌ನ ವಿಶ್ವ ಚಾಂಪಿಯನ್ನನಿಗೆ ಸವಾಲು ಹಾಕುವವರು ಯಾರೆಂದು ಅಲ್ಲಿ ತೀರ್ಮಾನವಾಗಬೇಕಿತ್ತು. ಎಂಟು ಮಂದಿ, ತಲಾ 28 ಆಟ. ಅದರಲ್ಲೊಂದು ಆಟಕ್ಕೆ ಹಂಗೇರಿ ಮೂಲದ ಪಾಲ್ ಬೆಂಕೊ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಕೂತ. ಎದುರಿಗಿದ್ದವನು ರೀಗಾ ನಗರದ 22 ವರ್ಷದ ಮಿಖಾಯಿಲ್ ತಾಲ್. ಎದುರಾಳಿಯನ್ನು ದುರುಗುಟ್ಟಿ ನೋಡುವುದು ತಾಲ್‌ನ ಚಾಳಿ. ಆ ನೋಟಕ್ಕೆ ಸಿಕ್ಕವರ ಬುದ್ಧಿ ಮಂಕಾಗುತ್ತದೆ ಎಂದು ಬೆಂಕೊನ ಗುಮಾನಿ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ದೃಷ್ಟಿ ತಾಗದಿರಲಿ ಎಂಬ ಏರ್ಪಾಡು. ತಾಲ್ ಬಿಡುತ್ತಾನೆಯೇ? ಅದೇ ಟೂರ್ನಿಯಲ್ಲಿ ಆಡುತ್ತಿದ್ದ ಪೆಟ್ರೊಸ್ಯಾನ್ ಹತ್ತಿರ ಒಂದು ದೊಡ್ಡ ಕನ್ನಡಕ ಕಡ ತಂದು ತಾನೂ ಏರಿಸಿಕೊಂಡ. ಟೂರ್ನಿ ಗೆದ್ದವನೂ ಅವನೇ.

ಆಟ ನೋಡಿ ಆಟಗಾರನ ಸ್ವಭಾವ ಹೇಳುವ ಚಟ ಚೆಸ್ ಲೋಕದಲ್ಲಿ ಬಹಳ ಹಳೆಯದು. ಮುನ್ನುಗ್ಗಿ ಆಡುವವನು ಜೂಜುಕೋರ, ಕಾದು ಆಡುವವನು ಪುಕ್ಕಲ, ಲೆಕ್ಕ ಹಾಕಿ ಆಡುವವನು ಒಣಪಂಡಿತ. ಹೇಳುವುದು ಸುಲಭ, ಕೇಳಲೂ ಸೊಗಸು. ಆದರೆ ಇತಿಹಾಸದ ಪುಟ ತಿರುವಿದರೆ ಮೊದಲ ಸಾಕ್ಷಿಯೇ ತಿರುಗಿ ಬೀಳುತ್ತದೆ.

ಅಡೋಲ್ಫ್ ಆಂಡರ್ಸನ್ ಬ್ರೆಸ್ಲಾವ್ ಊರಿನ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಮದುವೆಯಾಗದ, ಯಾರ ತಂಟೆಗೂ ಹೋಗದ ಸಾಧು ಮನುಷ್ಯ. 1851ರಲ್ಲಿ ಲಂಡನ್ನಿನಲ್ಲಿ ಕೀಸರಿಟ್ಸ್ಕಿ ಎಂಬ ಆಟಗಾರನೊಡನೆ ಹೊತ್ತು ಕಳೆಯಲೆಂದು ಒಂದು ಆಟ ಆಡಿದ. ಒಂದು ಒಂಟೆ ಕೊಟ್ಟ, ಎರಡೂ ಆನೆ ಕೊಟ್ಟ, ಕೊನೆಗೆ ಮಂತ್ರಿಯನ್ನೂ ಕೊಟ್ಟ. ಉಳಿದ ಎರಡು ಕುದುರೆ, ಒಂದು ಒಂಟೆಯಿಂದ ಎದುರಾಳಿಯ ರಾಜನನ್ನು ಕಟ್ಟಿಹಾಕಿದ. ಅದು ‘ಅಮರ ಆಟ’ ಎಂದು ಇಂದಿಗೂ ಹೆಸರಾಗಿದೆ. ಸ್ವಭಾವವೇ ಆಟವಾಗುವುದಾದರೆ ಈ ಮೇಷ್ಟ್ರು ಒಂದು ಕಾಲಾಳು ಕೊಡುವುದಕ್ಕೂ ನಾಲ್ಕು ಸಲ ಯೋಚಿಸಬೇಕಿತ್ತು.

ನಿಜ ಸಂಗತಿಯೆಂದರೆ ಆ ಕಾಲದಲ್ಲಿ ಬಹುತೇಕ ಎಲ್ಲರೂ ಹೀಗೆಯೇ ಆಡುತ್ತಿದ್ದರು. ಕೊಟ್ಟ ಬಲಿಯನ್ನು ತೆಗೆದುಕೊಳ್ಳದಿರುವುದು ಗಂಡಸುತನಕ್ಕೆ ಕುಂದು ಎಂಬಂತಿತ್ತು. ಅದು ಮನುಷ್ಯನ ಶೈಲಿಯಲ್ಲ, ಕಾಲದ ಶೈಲಿ. ವಿಲ್ಹೆಲ್ಮ್ ಸ್ಟೈನಿಟ್ಸ್‌ನನ್ನೇ ನೋಡಿ. ಹರೆಯದಲ್ಲಿ ಅವನೂ ಬಲಿ ಕೊಟ್ಟು ನುಗ್ಗುವವನೇ. 1873ರ ವಿಯೆನ್ನಾ ಟೂರ್ನಿಯ ಹೊತ್ತಿಗೆ ಸಣ್ಣ ಸಣ್ಣ ಲಾಭ ಕೂಡಿಸಿಕೊಂಡು ನಿಧಾನವಾಗಿ ಉಸಿರುಗಟ್ಟಿಸುವ ಹೊಸ ದಾರಿ ಹಿಡಿದ. 1886ರಲ್ಲಿ ಮೊದಲ ವಿಶ್ವ ಚಾಂಪಿಯನ್ ಆದ. ಆಟ ಪೂರ್ತಿ ಬದಲಾಯಿತು. ಮೂಗಿನ ತುದಿಯ ಕೋಪ ಮಾತ್ರ ಹಾಗೇ ಇತ್ತು.

ಪಂಡಿತರು ಸುಮ್ಮನಿರಲಿಲ್ಲ. ಫ್ರಾಯ್ಡನ ಶಿಷ್ಯ ಅರ್ನೆಸ್ಟ್ ಜೋನ್ಸ್ 1930ರಲ್ಲಿ ಪಾಲ್ ಮಾರ್ಫಿಯ ಮನಸ್ಸನ್ನು ಬಗೆದು ತೋರಿಸಲು ಹೊರಟ. ಮಾರ್ಫಿ ನ್ಯೂ ಆರ್ಲಿಯನ್ಸಿನ ಹುಡುಗ, 1858ರಲ್ಲಿ ಪ್ಯಾರಿಸ್ಸಿನಲ್ಲಿ ಇದೇ ಆಂಡರ್ಸನ್‌ನನ್ನು ಬಗ್ಗುಬಡಿದವನು. ಆಮೇಲೆ ಆಟ ಬಿಟ್ಟ, ಮನಸ್ಸು ಕದಡಿತು, 1884ರಲ್ಲಿ ತೀರಿಕೊಂಡ. ಜೋನ್ಸ್ ಪ್ರಕಾರ ಮಣೆಯ ಮೇಲಿನ ರಾಜ ಎಂದರೆ ತಂದೆ; ಮಾರ್ಫಿಯೊಡನೆ ಆಡದೆ ನುಣುಚಿಕೊಂಡ ಇಂಗ್ಲೆಂಡಿನ ಸ್ಟಾಂಟನ್ ಕೂಡ ತಂದೆಯ ಇನ್ನೊಂದು ರೂಪ. ಮಾರ್ಫಿ ಸತ್ತು ಆಗಲೇ ಅರ್ಧ ಶತಮಾನ ಸಮೀಪಿಸಿತ್ತು. ಮದುವೆ ಮುರಿದ ಮೇಲೆ ಜಾತಕ ಕೂಡಿಸಿ ನೋಡಿದ ಹಾಗೆ.

ಇದಕ್ಕಿಂತ ಪ್ರಾಮಾಣಿಕವಾದ ಕೆಲಸ ಮಾಸ್ಕೋದಲ್ಲಿ ನಡೆದಿತ್ತು. 1925ರ ಅಂತರರಾಷ್ಟ್ರೀಯ ಟೂರ್ನಿಗೆ ಲಾಸ್ಕರ್, ಕಾಪಬ್ಲಾಂಕಾ ಮೊದಲಾದ ಘಟಾನುಘಟಿಗಳು ಬಂದಿದ್ದರು, ಗೆದ್ದವನು ಬೊಗೊಲ್ಯುಬೊವ್. ಬಂದವರಲ್ಲಿ ಕೆಲವರನ್ನು ಮೂವರು ಸೋವಿಯತ್ ಮನಶ್ಶಾಸ್ತ್ರಜ್ಞರು ಕೂರಿಸಿಕೊಂಡು ನೆನಪು, ಗಮನ, ಕಲ್ಪನೆ ಎಲ್ಲವನ್ನೂ ಅಳೆದರು. ಅಸಾಧಾರಣ ಮೆದುಳು ಸಿಗುತ್ತದೆಂದು ಕಾದವರಿಗೆ ನಿರಾಸೆ. ಅಂಕಿ, ಆಕೃತಿ ನೆನಪಿಡುವುದರಲ್ಲಿ ಈ ದಿಗ್ಗಜರು ನಿಮ್ಮ ನಮ್ಮ ಹಾಗೆಯೇ. ಚದುರಂಗದ ಮಣೆ ಮುಂದಿಟ್ಟಾಗ ಮಾತ್ರ ಅವರನ್ನು ಮುಟ್ಟುವವರಿರಲಿಲ್ಲ.

ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡ ಗ್ರೂಟ್ ಇದೇ ಎಳೆಯನ್ನು ಹಿಡಿದು ಮುಂದೆ ಹೋದ. ತಾನೇ ಚೆಸ್ ಒಲಿಂಪಿಯಾಡ್ ಆಡಿದ್ದವನು. ಆಲೆಖೈನ್, ಕೆರೆಸ್, ಯೂವೆಯಂಥ ಘಟಾನುಘಟಿ ಆಟಗಾರರಿಗೆ ಒಂದು ಸ್ಥಿತಿ ಕೊಟ್ಟು, ಗಟ್ಟಿಯಾಗಿ ಮಾತಾಡುತ್ತಾ ಯೋಚಿಸಿ ಎಂದ. ಅವರು ಸಾಧಾರಣ ಆಟಗಾರರಿಗಿಂತ ಹೆಚ್ಚು ನಡೆಗಳನ್ನೇನೂ ಲೆಕ್ಕ ಹಾಕುತ್ತಿರಲಿಲ್ಲ; ಸರಿಯಾದ ನಡೆ ಬೇಗ ಕಣ್ಣಿಗೆ ಬೀಳುತ್ತಿತ್ತು, ಅಷ್ಟೆ. 1973ರಲ್ಲಿ ಅಮೆರಿಕದ ಸಂಶೋಧಕರಾದ ಚೇಸ್ ಮತ್ತು ಸೈಮನ್ ಕಾಯಿಗಳನ್ನು ಮಣೆಯ ಮೇಲೆ ಮನಬಂದಂತೆ ಚೆಲ್ಲಿ ತೋರಿಸಿದರು. ಅರ್ಥವಿಲ್ಲದ ಆ ಗುಂಪನ್ನು ನೆನಪಿಟ್ಟುಕೊಳ್ಳುವುದರಲ್ಲಿ ಮಾಸ್ಟರ್‌ಗೂ ಹೊಸಬನಿಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ವರ್ಷಗಟ್ಟಲೆ ಆಡಿ ಕೂಡಿಟ್ಟುಕೊಂಡ ಮಾದರಿಗಳೇ ಅವರ ಬಂಡವಾಳ.

ಹಾಗೆಂದು ಸ್ವಭಾವಕ್ಕೆ ಕೆಲಸವೇ ಇಲ್ಲ ಎನ್ನುವಂತಿಲ್ಲ. ಬ್ರಿಟನ್ನಿನ ಶಾಲಾಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚೆಸ್‌ಗೆ ಒಲಿದವರು ಮೂಲೆ ಹಿಡಿದು ಕೂರುವ ಮಕ್ಕಳಲ್ಲ, ಚುರುಕಾಗಿ ನಾಲ್ಕು ಜನರೊಡನೆ ಬೆರೆಯುವವರು. ಎಲ್ಲದಕ್ಕೂ ಹೂಂಗುಟ್ಟುವ ಸೌಮ್ಯ ಮಕ್ಕಳು ಆಟದ ಕಡೆ ಬಂದದ್ದು ಕಡಿಮೆ. ಸ್ವಭಾವ ಮಗುವನ್ನು ಮಣೆಯ ತನಕ ಕರೆತರಬಹುದು. ಅಲ್ಲಿಂದಾಚೆಗೆ ಏನಾಗುತ್ತದೆಂದು ಹೇಳುವುದು ಕಷ್ಟ.

ಕನ್ನಡಕ ಕಡ ಕೊಟ್ಟ ಟಿಗ್ರಾನ್ ಪೆಟ್ರೊಸ್ಯಾನ್‌ನ ಕಥೆ ಹೀಗೆ. ಟಿಬಿಲಿಸಿಯಲ್ಲಿ ಬೆಳೆದ ಅನಾಥ, ಹುಡುಗನಾಗಿದ್ದಾಗ ಕಸ ಗುಡಿಸಿ ಹೊಟ್ಟೆ ಹೊರೆದವನು. ಎದುರಾಳಿಯ ಉಪಾಯವನ್ನು ಹುಟ್ಟುವ ಮೊದಲೇ ಹೊಸಕುವ ಆಟ ಅವನದು. ಬಡತನ ಕಲಿಸಿದ ಎಚ್ಚರ ಅದು ಎಂದು ಬರೆಯಲು ಯಾರ ಪೆನ್ನೂ ತುಡಿಯುತ್ತದೆ. ಆದರೆ ಅದೇ ಹುಡುಗ ಹಿರಿಯ ಆಟಗಾರ ನಿಮ್ಜೊವಿಚ್‌ನ ಚೆಸ್ ಪುಸ್ತಕವನ್ನು ಓದಿ ಓದಿ ಅರಗಿಸಿಕೊಂಡಿದ್ದ; ಎದುರಾಳಿಯನ್ನು ಮೊದಲು ತಡೆ ಎನ್ನುವ ಪಾಠ ಅದರಲ್ಲೇ ಇತ್ತು. 1953ರಲ್ಲಿ ಜ್ಯೂರಿಕ್‌ನಲ್ಲಿ ಎದುರಾಳಿ ರೆಶೆವ್ಸ್ಕಿಯ ಒಂಟೆಯ ಬಾಯಿಗೆ ತನ್ನ ಆನೆಯನ್ನು ತಾನಾಗಿ ನೂಕಿ ಆಟ ಉಳಿಸಿಕೊಂಡವನೂ ಈ ಎಚ್ಚರದವನೇ.

ತಾಲ್‌ನದು ಇನ್ನೂ ಮಜವಾಗಿದೆ. 1960ರಲ್ಲಿ ಆಗಿನ ಚಾಂಪಿಯನ್ ಬೊಟ್ವಿನ್ನಿಕ್‌ನನ್ನು 12.5–8.5ರಿಂದ ಸೋಲಿಸಿ 23ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. ಬೊಟ್ವಿನ್ನಿಕ್ ವಿದ್ಯುತ್ ಎಂಜಿನಿಯರ್. ಸಿಗರೇಟ್ ಹೊಗೆ ಅಭ್ಯಾಸವಾಗಲೆಂದು ಗೆಳೆಯನಿಂದ ಮುಖಕ್ಕೆ ಹೊಗೆ ಬಿಡಿಸಿಕೊಂಡು ತಾಲೀಮು ಮಾಡಿದ್ದ ಶಿಸ್ತಿನ ಮನುಷ್ಯ. ಮರುವರ್ಷ ಅವನು ತಾಲ್‌ನ ಕಣ್ಣನ್ನಲ್ಲ, ಆಟಗಳನ್ನು ಓದಿಕೊಂಡು ಬಂದ. ಕಾಯಿಗಳನ್ನು ಬೇಗ ಬದಲಾಯಿಸಿ ಹುಡುಗನನ್ನು ನೀರಸ ಅಂತ್ಯದಾಟಗಳಿಗೆ ಎಳೆದು 13–8ರಿಂದ ಪಟ್ಟ ಮರಳಿ ಪಡೆದ. ಮೂತ್ರಪಿಂಡದ ಕಾಯಿಲೆಯಿಂದ ತಾಲ್ ಬಳಲಿದ; 1969ರಲ್ಲಿ ಒಂದನ್ನು ತೆಗೆದೇಬಿಟ್ಟರು. ಆಮೇಲೆ, 1973ರಿಂದ 1974ರವರೆಗೆ, ಸತತ 95 ಆಟಗಳಲ್ಲಿ ಅವನು ಸೋಲಲಿಲ್ಲ: 46 ಗೆಲುವು, 49 ಡ್ರಾ. ಜೂಜುಕೋರನೆಂದು ಎಲ್ಲರೂ ಕರೆದವನ ಈ ಸೋಲದ ದಾಖಲೆಯನ್ನು ಚೀನಾದ ಡಿಂಗ್ ಲಿರೆನ್ ಮುರಿದದ್ದು 2018ರಲ್ಲಿ.