ಕೆಸರು, ಮರಳು ಮತ್ತು ಮೊದಲ ರೇಸು

ಮೋಟಾರ್‌ಸೈಕಲ್ಲನ್ನು ರಸ್ತೆಯಿಂದ ಇಳಿಸಿ ಕಾಡು, ಗುಡ್ಡ, ಕೆಸರಿನಲ್ಲಿ ಓಡಿಸುವ ಸ್ಪರ್ಧೆಗಳು ಬ್ರಿಟನ್ನಿನಲ್ಲಿ ಬೆಳೆದದ್ದು ಗಾಡಿಯ ಗಟ್ಟಿತನವನ್ನು ಒರೆಗೆ ಹಚ್ಚುವ ನೆಪದಲ್ಲಿ. ವೇಗ ಆಮೇಲಿನ ಮಾತು. 1913ರಲ್ಲಿ ಕಾರ್ಲೈಲ್ ಪಟ್ಟಣವನ್ನು ನೆಲೆಯಾಗಿಟ್ಟುಕೊಂಡು ಆರು ದಿನಗಳ ಅಂತರರಾಷ್ಟ್ರೀಯ ಪರೀಕ್ಷೆಯೊಂದು ನಡೆಯಿತು. ಮರುವರ್ಷ ಯಾರ್ಕ್‌ಶೈರಿನಲ್ಲಿ ಆಲ್ಫ್ರೆಡ್ ಆಂಗಸ್ ಸ್ಕಾಟ್ ಎಂಬ ತಯಾರಕ ತನ್ನ ಕಾರ್ಖಾನೆಯ ನೌಕರರಿಗಾಗಿಯೇ ಹಳ್ಳಕೊಳ್ಳಗಳ ಮೇಲೆ ಸ್ಪರ್ಧೆ ಏರ್ಪಡಿಸಿದ. ಆ ಕಾಲದ ಇಂಥ ‘ಟ್ರಯಲ್’ಗಳಲ್ಲಿ ಕಲ್ಲು, ನೀರು, ಏರುಗಳಿರುವ ಕೆಲವು ಕಡೆ ತೀರ್ಪುಗಾರರು ನಿಂತು ನೋಡುತ್ತಿದ್ದರು. ಸವಾರ ಕಾಲು ನೆಲಕ್ಕೆ ಊರಿದರೆ ಅಂಕ ಹೋಯಿತು. ನಿಧಾನವಾದರೂ ಬೀಳದೆ ದಾಟಿದವನೇ ಜಾಣ.

ಆ ಲೆಕ್ಕ ಬದಲಾದದ್ದು 1924ರ ಮಾರ್ಚ್ 29ರಂದು, ಸರ್ರಿ ಪ್ರಾಂತ್ಯದ ಕ್ಯಾಂಬರ್ಲಿಯಲ್ಲಿ. ಉತ್ತರದವರ ಸ್ಕಾಟ್ ಟ್ರಯಲ್ಲಿನಂಥದ್ದೇ ಒಂದು ಸ್ಪರ್ಧೆ ತಮ್ಮಲ್ಲೂ ಇರಲಿ ಎಂದುಕೊಂಡ ದಕ್ಷಿಣದ ಕ್ಲಬ್ಬಿನವರು ತೀರ್ಪುಗಾರರನ್ನೂ ಅಂಕಗಳನ್ನೂ ಕೈಬಿಟ್ಟು, ಮೊದಲು ಬಂದವನೇ ಗೆದ್ದವನು ಎಂದು ನಿಯಮ ಮಾಡಿಕೊಂಡರು. ಅಂಕವಿಲ್ಲದ ಮೇಲೆ ಇದನ್ನು ಟ್ರಯಲ್ ಎಂದು ಕರೆಯುವಂತಿಲ್ಲವೆಂದು ಮೋಟಾರ್‌ಸೈಕಲ್ ಕ್ರೀಡೆಯ ಆಡಳಿತ ಮಂಡಳಿ ತಕರಾರು ತೆಗೆಯಿತು. ಹಾಗಾಗಿ ‘ಸ್ಕ್ರ್ಯಾಂಬಲ್’ ಎಂಬ ಹೊಸ ಹೆಸರು ಬಂತು. ಸುಮಾರು 80 ಮಂದಿ ಹೊರಟರು. ಕೊನೆ ಮುಟ್ಟಿದವರು ಅರ್ಧದಷ್ಟು. ಗೆದ್ದವನು ಸ್ಕಾಟ್ ಗಾಡಿಯ ಸವಾರ ಆರ್ಥರ್ ಸ್ಪಾರ್ಕ್ಸ್.

ದಾಖಲೆಗಳು ಗೆದ್ದವನ ಹೆಸರು ಹೇಳಿ ಮುಂದೆ ಹೋಗುತ್ತವೆ. ಈ ಕ್ರೀಡೆಯ ಮಟ್ಟಿಗೆ ಹೆಚ್ಚು ಕಲಿಸಿದ್ದು ಕೊನೆ ಮುಟ್ಟದ ಆ ಇನ್ನರ್ಧ. ಅಂಥ ನೆಲದಲ್ಲಿ ಗಾಡಿಗಳು ಕೈಕೊಡುವ ಬಗೆ ಅಂದಿಗೂ ಇಂದಿಗೂ ಬಹುಮಟ್ಟಿಗೆ ಒಂದೇ: ಚೈನ್ ಕಳಚುತ್ತದೆ, ಅದುರಿ ಅದುರಿ ನಟ್ಟು ಬೋಲ್ಟು ಸಡಿಲವಾಗುತ್ತವೆ, ಬಿದ್ದಾಗ ಕ್ಲಚ್ ಲಿವರ್ ಮುರಿಯುತ್ತದೆ, ನೀರು ನುಗ್ಗಿ ಎಂಜಿನ್ ನಿಲ್ಲುತ್ತದೆ. ಟಯರಿನದೇ ಬೇರೆ ಕಥೆ. ಕೆಸರಿನಲ್ಲಿ ಹಿಡಿತ ಸಿಗಲೆಂದು ಗಾಳಿ ಕಡಿಮೆ ಮಾಡಿದರೆ ಟಯರು ರಿಮ್ಮಿನ ಮೇಲೆ ಜಾರಿ ತಿರುಗುತ್ತದೆ. ಅದರ ಜೊತೆ ಒಳಗಿನ ಟ್ಯೂಬೂ ಎಳೆದುಕೊಂಡು ಹೋಗಿ ವಾಲ್ವ್ ಬುಡದಿಂದ ಕಿತ್ತುಬರುತ್ತದೆ. ಟಯರಿನ ಅಂಚನ್ನು ರಿಮ್ಮಿಗೆ ಬಿಗಿಯಾಗಿ ಒತ್ತಿ ಹಿಡಿಯುವ ರಿಮ್ ಲಾಕ್ ಎಂಬ ಸಣ್ಣ ಬಿಲ್ಲೆ ಈ ಕಾಟಕ್ಕೆ ಪರಿಹಾರ. ಮೊದಲ ರೇಸಿಗೆ ಬರುವ ಹೊಸಬರು ಮರೆಯುವ ಸಾಮಾನುಗಳಲ್ಲಿ ಅದೂ ಒಂದು.

ಮುಂದಿನ ಮೂರು ದಶಕ ಸ್ಕ್ರ್ಯಾಂಬಲ್ ಕ್ಲಬ್ಬುಗಳ ಆಟವಾಗಿಯೇ ಉಳಿಯಿತು. ಅದಕ್ಕೆಂದೇ ಬೇರೆ ಗಾಡಿ ಇಟ್ಟುಕೊಳ್ಳಲು ಹೆಚ್ಚಿನವರಿಗೆ ಸಾಧ್ಯವಿರಲಿಲ್ಲ. ವಾರವಿಡೀ ಕೆಲಸಕ್ಕೆ ಓಡಿಸಿದ ಗಾಡಿಯಲ್ಲೇ ಮೈದಾನಕ್ಕೆ ಬಂದು, ಹೆಡ್‌ಲೈಟು, ನಂಬರ್ ಪ್ಲೇಟು ಬಿಚ್ಚಿಟ್ಟು ರೇಸ್ ಮಾಡಿ, ಸಂಜೆ ಮತ್ತೆ ಜೋಡಿಸಿಕೊಂಡು ಮನೆಗೆ ಹೋಗುವುದು ಸಾಮಾನ್ಯವಾಗಿತ್ತು. ಅದೂ ಗಾಡಿ ಸುಸ್ಥಿತಿಯಲ್ಲಿ ಉಳಿದಿದ್ದರೆ. ಯುರೋಪಿನಲ್ಲಿ ಇದೇ ಆಟ ಮೋಟೋಕ್ರಾಸ್ ಎಂಬ ಹೆಸರಿನಿಂದ ಹಬ್ಬಿತು. 1947ರಲ್ಲಿ ನೆದರ್‌ಲ್ಯಾಂಡಿನ ವಾಸೆನಾರ್‌ನಲ್ಲಿ ನಡೆದ ಮೊದಲ ರಾಷ್ಟ್ರಗಳ ಮೋಟೋಕ್ರಾಸನ್ನು ಬ್ರಿಟನ್ ಗೆದ್ದಿತು. 1952ರಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್ ಬಂತು, 1957ರಲ್ಲಿ ಅದು 500 ಸಿಸಿಯ ವಿಶ್ವ ಚಾಂಪಿಯನ್‌ಶಿಪ್ ಆಯಿತು. ಅದನ್ನು ಮೊದಲು ಗೆದ್ದವನು ಸ್ವೀಡನ್ನಿನ ಬಿಲ್ ನಿಲ್ಸನ್.

ಆಗಿನ ದೊಡ್ಡ ಫೋರ್ ಸ್ಟ್ರೋಕ್ ಗಾಡಿಗಳನ್ನು ಬಿದ್ದಾಗ ಎತ್ತಿ ನಿಲ್ಲಿಸುವಷ್ಟರಲ್ಲೇ ಹೊಸಬನ ಉಸಿರು ಹೋಗುತ್ತಿತ್ತು. 1960ರ ದಶಕದಲ್ಲಿ ಹಗುರವಾದ ಟೂ ಸ್ಟ್ರೋಕ್ ಗಾಡಿಗಳು ಅವುಗಳ ಜಾಗ ಹಿಡಿದವು. 1964, 1965ರಲ್ಲಿ ಬಿಎಸ್‌ಎ ಗಾಡಿಯಲ್ಲಿ ಜೆಫ್ ಸ್ಮಿತ್ 500 ಸಿಸಿ ಪಟ್ಟ ಗೆದ್ದದ್ದು ಹಳೆಯ ಕಾಲದ ಕೊನೆಯ ಜಯ; 1966ರಿಂದ ಮೂರು ವರ್ಷ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ ಜೆಕೊಸ್ಲೊವಾಕಿಯಾದ ಸಿಜೆಡ್ ಟೂ ಸ್ಟ್ರೋಕ್‌ನಲ್ಲಿ ಅದನ್ನು ಕಸಿದುಕೊಂಡ. ಕನ್ನಡಿಗರಿಗೆ ಈ ಮನೆತನ ಅಪರಿಚಿತವಲ್ಲ. ಸಿಜೆಡ್‌ನ ಜೋಡಿ ಸಂಸ್ಥೆ ಜಾವಾದ ಪರವಾನಗಿಯಲ್ಲೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ತಯಾರಿಸಿತು. ಮುಂದೆ ಅವೇ ಯೆಜ್ಡಿ ಆದವು.

ಅಮೆರಿಕದ ದಾರಿ ಬೇರೆ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ‘ಹೇರ್ ಅಂಡ್ ಹೌಂಡ್’ ಎಂಬ ರೇಸು ಬೆಳೆಯಿತು. ನೂರಾರು ಬೈಕುಗಳು ಒಂದೇ ಸಾಲಿನಲ್ಲಿ, ಎಂಜಿನ್ ಆರಿಸಿ, ನಿಶ್ಶಬ್ದವಾಗಿ ನಿಲ್ಲುತ್ತಿದ್ದವು. ಬಾವುಟ ಬಿದ್ದೊಡನೆ ಎಲ್ಲರೂ ಒಟ್ಟಿಗೆ ಕಿಕ್ ಹೊಡೆಯುತ್ತಿದ್ದರು. ಮೊದಲ ಕೆಲವು ಮೈಲಿಗಳಿಗೆ ದಾರಿ ಎಂಬುದೇ ಇರಲಿಲ್ಲ. ದೂರದಲ್ಲಿ ಹಳೆ ಟಯರು ಸುಟ್ಟು ಎಬ್ಬಿಸಿದ ಕಪ್ಪು ಹೊಗೆಯೇ ಗುರಿಯಾಗಿತ್ತು. ಅಲ್ಲಿಗೆ ತಲುಪಿದ ಮೇಲೆ ಮಾತ್ರ ಗುರುತು ಹಾಕಿದ ದಾರಿ ಶುರುವಾಗುತ್ತಿತ್ತು. ಮೊದಲ ಕಿಕ್ಕಿಗೆ ಎಂಜಿನ್ ಹೊತ್ತಿಕೊಳ್ಳದವನಿಗೆ ಮುಂದೆ ಕಾಣುತ್ತಿದ್ದದ್ದು ಧೂಳಿನ ಗೋಡೆ. ಅದರೊಳಗೆ ಕಲ್ಲೂ ಇರಬಹುದಿತ್ತು, ಬಿದ್ದವರೂ ಇರಬಹುದಿತ್ತು. ಮುಂದೆ ಹೋದವರನ್ನು ಹಿಡಿಯುತ್ತೇನೆಂದು ಕಣ್ಣು ಕಾಣದೆ ಆಕ್ಸಲರೇಟರ್ ತಿರುಗಿಸುವುದೇ ಹೊಸಬರ ದೊಡ್ಡ ತಪ್ಪು ಎಂಬುದು ಮರುಭೂಮಿಯ ಸವಾರರ ನಡುವೆ ಬಾಯಿಂದ ಬಾಯಿಗೆ ಸಾಗಿದ ಪಾಠ.

ಈ ಸವಾರರಲ್ಲಿ ಕೆಲವರು 1964ರಲ್ಲಿ ಪೂರ್ವ ಜರ್ಮನಿಯ ಎರ್ಫರ್ಟ್‌ನಲ್ಲಿ ನಡೆದ ಆರು ದಿನಗಳ ಸ್ಪರ್ಧೆಗೆ ಅಮೆರಿಕದ ತಂಡವಾಗಿ ಹೋದರು. ನಟ ಸ್ಟೀವ್ ಮೆಕ್ವೀನ್ ಕೂಡ ಅದರಲ್ಲಿದ್ದ, ಬಿದ್ದು ಹೊರಬಿದ್ದ. ಆತ ಕಾಣಿಸಿಕೊಂಡ 1971ರ ಸಾಕ್ಷ್ಯಚಿತ್ರ ‘ಆನ್ ಎನಿ ಸಂಡೇ’ಯನ್ನು ನೋಡಿದ ಹುಡುಗರು ದಂಡುದಂಡಾಗಿ ಈ ಆಟಕ್ಕೆ ಇಳಿದರು. ಜಪಾನಿನ ಕಂಪನಿಗಳು ತಡಮಾಡಲಿಲ್ಲ. 1973ರ ಹೋಂಡಾ ಎಲ್ಸಿನೋರ್ ಅಂಗಡಿಯಿಂದ ಕೊಂಡು ನೇರ ರೇಸಿಗೆ ಒಯ್ಯಬಹುದಾದ ಗಾಡಿ. ಈ ಅಲೆಯ ಅತಿರೇಕ ಕಂಡದ್ದು ಬಾರ್‌ಸ್ಟೋದಿಂದ ಲಾಸ್ ವೇಗಸ್‌ವರೆಗಿನ ರೇಸಿನಲ್ಲಿ. 1974ರಲ್ಲಿ ಅಲ್ಲಿ 3000ಕ್ಕೂ ಹೆಚ್ಚು ಬೈಕುಗಳು ಒಮ್ಮೆಲೇ ಹೊರಟವು. ಮರುಭೂಮಿಯ ನೆಲಕ್ಕೂ ಗಿಡಗಳಿಗೂ ಆದ ಹಾನಿ ನೋಡಿದ ಸರ್ಕಾರ ಮರುವರ್ಷ ಅನುಮತಿ ನಿರಾಕರಿಸಿತು. ಖಾಲಿ ಜಾಗ ಎಂದುಕೊಂಡದ್ದು ಖಾಲಿಯಲ್ಲ ಎಂಬ ಪಾಠವನ್ನು ಆ ಕ್ರೀಡೆ ಕಲಿತದ್ದು ಹೀಗೆ, ಸಾಕಷ್ಟು ತಡವಾಗಿ.

ಅದೇ ವರ್ಷಗಳಲ್ಲಿ ಗಾಡಿಯ ಹಿಂಭಾಗದಲ್ಲಿ ನಡೆದ ಬದಲಾವಣೆ ಎಲ್ಲ ಕಡೆಯ ರೇಸನ್ನೂ ಬದಲಿಸಿತು. 1970ರ ದಶಕದ ಆರಂಭದವರೆಗೂ ಹಿಂಚಕ್ರ ಮೇಲೆ ಕೆಳಗೆ ಆಡುತ್ತಿದ್ದದ್ದು 100 ಮಿಲಿಮೀಟರಿನ ಆಸುಪಾಸು. ಉಳಿದ ಪೆಟ್ಟನ್ನೆಲ್ಲ ಸವಾರನ ಮೊಣಕಾಲು, ಬೆನ್ನು ತಿನ್ನಬೇಕಿತ್ತು. ಬೆಲ್ಜಿಯಂನ ಲ್ಯೂಸಿಯನ್ ಟಿಲ್ಕೆನ್ಸ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕ ಎರಡು ಶಾಕ್ ಅಬ್ಸಾರ್ಬರುಗಳ ಬದಲು ಸೀಟಿನ ಕೆಳಗೆ ಒಂದೇ ಉದ್ದನೆಯ ಶಾಕ್ ಇಡುವ ಏರ್ಪಾಟು ಮಾಡಿದ. ಯಮಹಾ ಅದನ್ನು ಕೊಂಡಿತು. 1973ರಲ್ಲಿ ಹಾಕನ್ ಆಂಡರ್ಸನ್ ಆ ಗಾಡಿಯಲ್ಲಿ 250 ಸಿಸಿ ವಿಶ್ವ ಪಟ್ಟ ಗೆದ್ದ ಮೇಲೆ ಉಳಿದವರೂ ಎಚ್ಚೆತ್ತರು. ದಶಕ ಮುಗಿಯುವ ಹೊತ್ತಿಗೆ ಚಕ್ರದ ಆಟ 300 ಮಿಲಿಮೀಟರಿಗೆ ಬಂದಿತ್ತು. ಜಂಪುಗಳು ದೊಡ್ಡವಾದವು, ವೇಗ ಹೆಚ್ಚಿತು, ಸೀಟಿನ ಎತ್ತರವೂ ಏರಿತು. ಹೊಸಬನಿಗೆ ಇದು ವರವೋ ಶಾಪವೋ ಹೇಳುವುದು ಕಷ್ಟ. ಗಾಡಿ ಅವನ ತಪ್ಪುಗಳನ್ನು ನುಂಗಿಕೊಳ್ಳುತ್ತದೆ ನಿಜ. ನುಂಗಲಾರದ ದಿನ ಆತ ಮೊದಲಿಗಿಂತ ಜೋರಾಗಿ ಬೀಳುತ್ತಾನೆ.

ಗಾಡಿ ಎಷ್ಟೇ ಬದಲಾದರೂ ಮೊದಲ ರೇಸಿನಲ್ಲಿ ಸವಾರನ ಮೈ ಸೋಲುವ ರೀತಿ ಬದಲಾಗಿಲ್ಲ. ಹೆದರಿಕೆಯಿಂದ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದವನ ಮುಂಗೈ ಕೆಲವೇ ಸುತ್ತಿನಲ್ಲಿ ಊದಿ ಕಲ್ಲಾಗುತ್ತದೆ, ಬೆರಳುಗಳು ಕ್ಲಚ್ ಎಳೆಯಲೂ ಒಪ್ಪುವುದಿಲ್ಲ. ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಟ್ಯಾಂಕನ್ನು ಮಂಡಿಗಳಿಂದ ಒತ್ತಿ ಹಿಡಿದು, ಕೈ ಸಡಿಲ ಬಿಡಬೇಕೆಂಬುದು ಇದಕ್ಕೆ ಹಳಬರು ಹೇಳುವ ಮದ್ದು. ನೆಲವೂ ಮೋಸ ಮಾಡುತ್ತದೆ: ಬೆಳಿಗ್ಗೆ ನಡೆದು ನೋಡಿಕೊಂಡ ಸಮತಟ್ಟಾದ ತಿರುವು ಮಧ್ಯಾಹ್ನದ ಹೊತ್ತಿಗೆ ಮೊಣಕಾಲುದ್ದದ ಗಾಡಿಜಾಡುಗಳ ಕೊರಕಲಾಗಿರುತ್ತದೆ. ಎಲ್ಲಕ್ಕಿಂತ ಅಪಾಯದ್ದು ಮೊದಲ ತಿರುವು. ಹಿಂದೆ ಬ್ರಿಟನ್ನಿನಲ್ಲಿ ಸಾಲಿನ ಮುಂದೆ ರಬ್ಬರ್ ಹಗ್ಗ ಕಟ್ಟಿ ಒಮ್ಮೆಲೇ ಬಿಡುತ್ತಿದ್ದರು. ಆಮೇಲೆ ಒಟ್ಟಿಗೆ ಮಗುಚಿ ಬೀಳುವ ಕಬ್ಬಿಣದ ಗೇಟುಗಳು ಬಂದವು. ಎರಡರಲ್ಲೂ ಹತ್ತಾರು ಗಾಡಿಗಳು ಒಂದೇ ಕಿರಿದಾದ ಬಾಯಿಗೆ ನುಗ್ಗುವುದು ತಪ್ಪಲಿಲ್ಲ. ಹೊಸಬರನ್ನೂ ಪಳಗಿದವರನ್ನೂ ಒಟ್ಟಿಗೆ ಬಿಡದೆ ನಾವಿಸ್, ಎಕ್ಸ್‌ಪರ್ಟ್ ಎಂದು ವರ್ಗ ಮಾಡುವ ಪದ್ಧತಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

ಮೈದಾನದ ಸುತ್ತಿನಿಂದ ಹೊರಗೆ, ನೂರಾರು ಮೈಲಿಯ ರ್‍ಯಾಲಿಗಳಲ್ಲಿ ದಾರಿ ಹುಡುಕುವುದೇ ಪರೀಕ್ಷೆಯಾಯಿತು. 1962ರಲ್ಲಿ ಡೇವ್ ಎಕಿನ್ಸ್ ಮತ್ತು ಬಿಲ್ ರಾಬರ್ಟ್‌ಸನ್ ಹೋಂಡಾದ 250 ಸಿಸಿ ಗಾಡಿಗಳಲ್ಲಿ ಮೆಕ್ಸಿಕೋದ ಟಿಹುವಾನಾದಿಂದ ಲಾ ಪಾಜ್‌ಗೆ ಹೊರಟರು. ಹೊರಟ, ಮುಟ್ಟಿದ ಹೊತ್ತಿಗೆ ಸಾಕ್ಷಿ ಎರಡೂ ಊರಿನ ಟೆಲಿಗ್ರಾಫ್ ಕಚೇರಿಗಳ ಮುದ್ರೆ. ಎಕಿನ್ಸ್ ತೆಗೆದುಕೊಂಡದ್ದು 39 ಗಂಟೆ 56 ನಿಮಿಷ. ಐದು ವರ್ಷದ ಮೇಲೆ ಅದೇ ದಾರಿಯಲ್ಲಿ ‘ಮೆಕ್ಸಿಕನ್ 1000’ ಎಂಬ ರೇಸ್ ಶುರುವಾಯಿತು. 1977ರಲ್ಲಿ ಲಿಬಿಯಾದ ಮರುಭೂಮಿಯಲ್ಲಿ ದಾರಿ ತಪ್ಪಿ ಸಾವಿನ ಅಂಚಿಗೆ ಹೋಗಿ ಬದುಕಿ ಬಂದ ಫ್ರಾನ್ಸಿನ ತಿಯೆರಿ ಸಬೀನ್, ಮರುವರ್ಷದ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಡಕಾರ್‌ಗೆ ರ್‍ಯಾಲಿಯನ್ನೇ ಹೊರಡಿಸಿದ! ಬೈಕು, ಕಾರು, ಲಾರಿ ಸೇರಿ 182 ವಾಹನಗಳು ಹೊರಟು 74 ಡಕಾರ್ ಮುಟ್ಟಿದವು. ಗೆದ್ದದ್ದು ಯಮಹಾ ಎಕ್ಸ್‌ಟಿ500ರ ಸವಾರ ಸಿರಿಲ್ ನೆವೂ. ಪ್ಯಾಟ್ರಿಸ್ ದೊದಿನ್ ಎಂಬ ಸವಾರ ದಾರಿಯಲ್ಲೇ ಬಿದ್ದು ಜೀವ ಕಳೆದುಕೊಂಡ.

ಭಾರತದಲ್ಲಿ ಬಹುಕಾಲ ವಿದೇಶಿ ಮೋಟೋಕ್ರಾಸ್ ಗಾಡಿ ತರಿಸುವುದು ಕೈಗೆಟುಕದ ಮಾತಾಗಿತ್ತು. ಯೆಜ್ಡಿಯನ್ನೋ ಮುಂದೆ ಯಮಹಾ ಆರ್‌ಎಕ್ಸ್ 100 ಅನ್ನೋ ಬಿಚ್ಚಿ, ಬೇಡದ ತೂಕ ತೆಗೆದು, ಸೈಲೆನ್ಸರ್ ಬದಲಿಸಿ ಮಣ್ಣಿನ ಟ್ರ್ಯಾಕಿಗೆ ಇಳಿಸಿದವರೇ ಹೆಚ್ಚು. 1999ರಲ್ಲಿ ಹಿಮಾಲಯದ ರ್‍ಯಾಲಿ ಶುರುವಾದಾಗ ದೂರದ ಓಟದ ರುಚಿ ಸಿಕ್ಕಿತು. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಆ ವೇಳೆಗೆ ದಕ್ಷಿಣ ಅಮೆರಿಕಕ್ಕೆ ಸ್ಥಳಾಂತರಗೊಂಡಿದ್ದ ಡಕಾರ್ ರ್‍ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿದರು. ಅದನ್ನು ಮುಗಿಸಿದ ಮೊದಲ ಭಾರತೀಯ ಸವಾರ ಅವರೇ. ಉಡುಪಿ ಮೂಲದ ಕೆ.ಪಿ. ಅರವಿಂದ್ 2017ರಲ್ಲಿ ಗಾಯಗೊಂಡು ಹಿಂದೆ ಸರಿದರು, 2018ರಲ್ಲೂ ಹಾಗೆಯೇ ಆಯಿತು, 2019ರಲ್ಲಿ 37ನೆಯವರಾಗಿ ಕೊನೆ ಮುಟ್ಟಿದರು. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2018ರಲ್ಲಿ ಸ್ಪೇನಿನ ಬಾಹಾ ಅರಗಾನ್ ರೇಸಿನಲ್ಲಿ ಬಿದ್ದು ಮೇದೋಜ್ಜೀರಕಕ್ಕೆ ಪೆಟ್ಟು ಮಾಡಿಕೊಂಡರು. ಮರುವರ್ಷ ಬಾಹಾ ವಿಶ್ವಕಪ್ಪಿನ ಮಹಿಳಾ ಪ್ರಶಸ್ತಿ ಅವರದಾಯಿತು.

ಇವರ ಹಿಂದೆ ಬರುವ ಹೊಸಬರ ಬಾಗಿಲು ಡಕಾರ್ ಅಲ್ಲ, ಊರೂರಿನ ಡರ್ಟ್ ಟ್ರ್ಯಾಕು. ರಾಷ್ಟ್ರೀಯ ಸೂಪರ್‌ಕ್ರಾಸ್ ನಡೆಯುವ ಊರುಗಳಲ್ಲಿ ಅಲ್ಲಿನವರಿಗೆಂದೇ ‘ಲೋಕಲ್ ಕ್ಲಾಸ್’ ಇರುವುದುಂಟು. ಅದರಲ್ಲಿ ದಿನಬಳಕೆಯ ಗಾಡಿಗೆ ಕನ್ನಡಿ, ಇಂಡಿಕೇಟರ್ ಬಿಚ್ಚಿ ನಂಬರ್ ಅಂಟಿಸಿಕೊಂಡು ಸಾಲಿಗೆ ಬಂದು ನಿಲ್ಲುವವರೂ ಇರುತ್ತಾರೆ.