ಪದ ಪರಿಚಯ: ಸಂಧಿ

ಸಂಸ್ಕೃತದ ‘ಸಮ್’ (ಕೂಡಿ), ‘ಧಾ’ (ಇಡು) ಸೇರಿ ‘ಸಂಧಿ’. ಮೈಯ ಕೀಲಿಗೆ, ರಾಜರ ಒಪ್ಪಂದಕ್ಕೆ, ವ್ಯಾಕರಣಕ್ಕೆ ಸಂದ ಈ ಪದ ಭೌತವಿಜ್ಞಾನಕ್ಕೂ ಬಂದಿದೆ. ಮಾಮೂಲಿ ತಂತಿಗಳಲ್ಲಿ ಹರಿಯುವ ಕರೆಂಟ್ ಅಷ್ಟಿಷ್ಟು ಶಾಖವಾಗಿ ಸೋರುತ್ತದೆ. ಅತಿವಾಹಕದಲ್ಲಿ ಹಾಗೆ ಸೋರದು. ಎರಡು ಅತಿವಾಹಕಗಳ ನಡುವೆ ತೆಳು ತಡೆಯಿದ್ದರೂ ವೋಲ್ಟೇಜಿಲ್ಲದೆ ಅತಿಪ್ರವಾಹ (ಸೋರದೆ ಹರಿಯುವ ಕರೆಂಟ್) ದಾಟೀತೆಂದು 1962ರಲ್ಲಿ ಬ್ರಯಾನ್ ಜೋಸೆಫ್ಸನ್ ಲೆಕ್ಕ ಹಾಕಿ ತೋರಿಸಿದರು. ಅಂಥ ಜೋಡಣೆಯೇ ಜೋಸೆಫ್ಸನ್ ಸಂಧಿ. ‘ಬೆಸುಗೆ’ ಎಂಬ ಅಚ್ಚಗನ್ನಡ ಪದ ಸಾಲದೇ ಎನ್ನಬಹುದು. ಬೆಸುಗೆ ಬರಿದೆ ಕೂಡಿಸುತ್ತದೆ. ಸಂಧಿಯಲ್ಲಿ, ಮಳೆ ಮತ್ತು ಕಾಲ ‘ಮಳೆಗಾಲ’ವಾದಂತೆ, ಕೂಡುವಲ್ಲೇ ಮಾರ್ಪಾಡು ನಡೆಯುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು 1999ರಲ್ಲಿ, ನಡುವೆ ತಡೆಯ ಬದಲು ಸಾಮಾನ್ಯ ಲೋಹವಿದ್ದ ಇಂಥದೇ ಸಂಧಿಯಲ್ಲಿ, ಆ ಲೋಹಕ್ಕೆ ವೋಲ್ಟೇಜ್ ಕೊಟ್ಟು, ಎಲೆಕ್ಟ್ರಾನುಗಳ ಸಮತೋಲ ಕೆಡಿಸಿ, ಅತಿಪ್ರವಾಹದ ದಿಕ್ಕನ್ನೇ ತಿರುಗಿಸಿದರು. ಅದು ಕಾವಿನ ಆಟವೆನ್ನಲಾಗದು: ಅಲ್ಲಿ ಬರೀ ಕಾವು ಪ್ರವಾಹವನ್ನು ಕುಗ್ಗಿಸೀತು, ತಿರುಗಿಸದು. ಸಂಧಿಯೇ ತಕ್ಕ ಪದ.